‘ಕಡಿಮೆ’ಯಿಂದ ‘ಇಲ್ಲ’ದವರೆಗೆ: ಇಂಗ್ಲಿಷಿನ ಹೋಲಿಕೆ ಮತ್ತು ನಿಷೇಧ ನುಡಿಗಟ್ಟುಗಳ ಚರಿತ್ರೆ

1. ಸಮಸ್ಯೆಯ ಸ್ವರೂಪ

ಇಂಗ್ಲಿಷಿನಲ್ಲಿ ‘ನಾಟ್ ಮೋರ್ ದ್ಯಾನ್ ಫೈವ್’ ಎಂದರೆ ಐದನ್ನು ಮೀರದ ಯಾವುದಾದರೂ ಸಂಖ್ಯೆ. ‘ನೋ ಮೋರ್ ದ್ಯಾನ್ ಫೈವ್’ ಎಂದರೆ ಬಹುಮಟ್ಟಿಗೆ ‘ಐದೇ ಐದು’. ಅದರಲ್ಲಿ ‘ಇಷ್ಟು ಕಡಿಮೆಯೇ’ ಎಂಬ ಧ್ವನಿಯೂ ಸೇರಿರುತ್ತದೆ. ಎರಡರಲ್ಲಿಯೂ ನಿಷೇಧವಿದೆ, ಹೋಲಿಕೆಯಿದೆ, ಸಂಖ್ಯೆಯೂ ಒಂದೇ ಆಗಿದೆ. ಆದರೂ ಒಂದು ಮಿತಿಯನ್ನು ಹೇಳಿದರೆ ಇನ್ನೊಂದು ಬೆಲೆ ಕಟ್ಟುತ್ತದೆ. ‘ಆಲ್ ಬಟ್ ಡೆಡ್’ ಎಂಬಲ್ಲಿ ಮನುಷ್ಯ ಇನ್ನೂ ಸತ್ತಿಲ್ಲ. ‘ನಥಿಂಗ್ ಬಟ್ ಟ್ರಬಲ್’ ಎಂಬಲ್ಲಿ ತೊಂದರೆಯೇ ತೊಂದರೆ. ‘ಎನಿಥಿಂಗ್ ಬಟ್ ಈಸಿ’ ಎಂಬಲ್ಲಿ ಕೆಲಸ ಸುತರಾಂ ಸುಲಭವಲ್ಲ. ಇಂಥ ನುಡಿಗಟ್ಟುಗಳನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಒಂದು ಪಟ್ಟಿಯಾಗಿ ಕೊಟ್ಟು, ಎದುರಿಗೆ ಅರ್ಥ ಬರೆದು, ಕಂಠಪಾಠಕ್ಕೆ ಬಿಡುತ್ತವೆ. ಹೀಗೆ ಮಾಡಿದಾಗ ಇವು ನಿಯಮಕ್ಕೆ ಸಿಕ್ಕದ ಅಪವಾದಗಳು ಎಂಬ ಭಾವನೆ ಉಳಿಯುತ್ತದೆ.

ಈ ಲೇಖನದಲ್ಲಿ ನಾವು ಇದಕ್ಕಿಂತ ಬೇರೆಯಾದ ನಿಲುವನ್ನು ಮಂಡಿಸುತ್ತೇವೆ. ಇವುಗಳಲ್ಲಿ ಹೆಚ್ಚಿನವು ಭಾಷೆಯ ಹಿಂದಿನ ವ್ಯವಸ್ಥೆಯೊಂದರ ಉಳಿಕೆಗಳು. ಆ ವ್ಯವಸ್ಥೆಯಲ್ಲಿ ಎರಡು ನಿಷೇಧಗಳು ಸೇರಿ ವಿಧಿಯಾಗುತ್ತಿರಲಿಲ್ಲ. ಹೋಲಿಕೆಯ ಪದಗಳು ನಿಷೇಧದ ನೆರೆಯಲ್ಲೇ ಬೆಳೆಯುತ್ತಿದ್ದವು. ಅನಂತರ ಶಿಷ್ಟ ಇಂಗ್ಲಿಷಿಗೆ ಗಣಿತದ ಲೆಕ್ಕವೊಂದನ್ನು ಅನ್ವಯಿಸಲಾಯಿತು. ಲೆಕ್ಕಕ್ಕೆ ಒಗ್ಗಿದ ಭಾಗ ವ್ಯಾಕರಣವಾಯಿತು, ಒಗ್ಗದ ಭಾಗ ನುಡಿಗಟ್ಟಾಯಿತು. ಆ ಲೆಕ್ಕದ ಹೆಸರಿನಲ್ಲಿ ಅನೇಕ ಜನವರ್ಗಗಳ ಮಾತನ್ನು ‘ತರ್ಕಹೀನ’ವೆಂದು ತಳ್ಳಿಹಾಕಿದ ಚರಿತ್ರೆಯೂ ಇದೆ. ಆದ್ದರಿಂದ ಈ ವಿಷಯ ಕೇವಲ ಪದಕೌತುಕದ್ದಲ್ಲ.

ಕನ್ನಡದ ಉದಾಹರಣೆಗಳನ್ನು ನಾವು ಎರಡು ಭಾಷೆಗಳ ರಚನೆ ಪರಸ್ಪರ ಬೆಳಕು ಚೆಲ್ಲುವ ಕಡೆಗಳಲ್ಲಿ ಮಾತ್ರ ಬಳಸಿದ್ದೇವೆ.

2. ‘ನೆ’ಯಿಂದ ‘ನಾಟ್’ವರೆಗೆ

ಹಳೆಯ ಇಂಗ್ಲಿಷಿನಲ್ಲಿ ನಿಷೇಧದ ಮುಖ್ಯ ಗುರುತು ‘ನೆ’ ಎಂಬ ಪುಟ್ಟ ಅವ್ಯಯ. ಅದು ಕ್ರಿಯಾಪದದ ಮುಂದೆ ಬರುತ್ತಿತ್ತು. ಕೆಲವು ಕ್ರಿಯಾಪದಗಳೊಡನೆ ಕೂಡಿಯೇ ಹೋಗುತ್ತಿತ್ತು. ‘ಇಸ್’ ಎಂಬುದರ ನಿಷೇಧರೂಪ ‘ನಿಸ್’ ಆಗಿತ್ತು. ಇಂದಿಗೂ ಬಳಕೆಯಲ್ಲಿರುವ ‘ವಿಲ್ಲಿ-ನಿಲ್ಲಿ’ ಎಂಬ ಜೋಡುನುಡಿಯ ‘ನಿಲ್ಲಿ’ಯಲ್ಲಿ ಆ ಸಂಧಿಯ ಗುರುತು ಉಳಿದುಕೊಂಡಿದೆ.

‘ನೆ’ ಒತ್ತಿಲ್ಲದ ಪದ. ಅದಕ್ಕೆ ಬಲ ಕೊಡಲು ಇನ್ನೊಂದು ಪದ ಬೇಕಾಯಿತು. ‘ವಿಹ್ಟ್’ ಎಂದರೆ ಜೀವಿ ಅಥವಾ ವಸ್ತು. ‘ಆ’ ಎಂದರೆ ಎಂದಾದರೂ. ‘ನೆ’, ‘ಆ’, ‘ವಿಹ್ಟ್’ ಈ ಮೂರೂ ಸೇರಿ ‘ನಾವಿಹ್ಟ್’ ಆಯಿತು. ‘ಎಂದೂ ಒಂದು ವಸ್ತುವೂ ಅಲ್ಲ’ ಎಂಬುದು ಅದರ ಮೂಲಾರ್ಥ. ಅದೇ ಸವೆದು ‘ನಾಟ್’ ಆಯಿತು. ಮಧ್ಯಕಾಲೀನ ಇಂಗ್ಲಿಷಿನಲ್ಲಿ ಕೆಲವು ಶತಮಾನಗಳ ಕಾಲ ‘ನೆ’ ಕ್ರಿಯಾಪದದ ಮುಂದೆಯೂ ‘ನಾಟ್’ ಹಿಂದೆಯೂ ಇದ್ದು, ಕ್ರಮೇಣ ‘ನೆ’ ಬಿದ್ದುಹೋಗಿ ‘ನಾಟ್’ ಒಂದೇ ಉಳಿಯಿತು. ಫ್ರೆಂಚ್ ಭಾಷೆಯಲ್ಲಿ ಹೆಜ್ಜೆ ಎಂಬರ್ಥದ ‘ಪಾ’ ಇದೇ ದಾರಿಯಲ್ಲಿ ನಿಷೇಧಪದವಾಗಿದೆ. ಡೆನ್ಮಾರ್ಕಿನ ವಿದ್ವಾಂಸ ಆಟೊ ಯೆಸ್ಪರ್ಸನ್ 1917ರಲ್ಲಿ ಇಂಗ್ಲಿಷ್ ಮತ್ತು ಇತರ ಭಾಷೆಗಳ ನಿಷೇಧವನ್ನು ಕುರಿತ ತನ್ನ ಗ್ರಂಥದಲ್ಲಿ ಈ ಚಲನೆಯನ್ನು ವಿವರಿಸಿದನು. 1979ರಲ್ಲಿ ಓಸ್ತೆನ್ ಡಾಲ್ ಅದನ್ನು ‘ಯೆಸ್ಪರ್ಸನ್ ಚಕ್ರ’ ಎಂದು ಕರೆದನು.

ಕನ್ನಡ ಓದುಗರಿಗೆ ಈ ಚಲನೆಯ ಮೊದಲ ಹೆಜ್ಜೆ ಅಪರಿಚಿತವಲ್ಲ. ‘ಅದೇನೂ ದೊಡ್ಡದಲ್ಲ’, ‘ಅವನೇನೂ ಬರಲಿಲ್ಲ’ ಎನ್ನುವಾಗ ‘ಏನೂ’ ಯಾವ ವಸ್ತುವನ್ನೂ ಸೂಚಿಸುವುದಿಲ್ಲ. ಅದು ನಿಷೇಧಕ್ಕೆ ಒತ್ತು ಕೊಡುವ ಪದ ಮಾತ್ರ. ವಸ್ತುವಾಚಿಯೊಂದು ನಿಷೇಧದ ಬೆಂಬಲಕ್ಕೆ ನಿಲ್ಲುವ ಬಗೆ ಎರಡೂ ಕಡೆ ಒಂದೇ. ಆದರೆ ಕನ್ನಡದ ‘ಏನೂ’, ‘ಯಾರೂ’, ‘ಎಂದೂ’ ತಾವಾಗಿಯೇ ನಿಷೇಧಗಳಲ್ಲ. ಅವುಗಳಿಗೆ ‘ಇಲ್ಲ’ ಅಥವಾ ‘ಅಲ್ಲ’ ಬೇಕೇ ಬೇಕು. ಇಂಗ್ಲಿಷಿನಲ್ಲಿ ಬೆಂಬಲದ ಪದವೇ ನಿಷೇಧವನ್ನು ಹೊತ್ತುಕೊಂಡಿತು. ಹಾಗಾಗಿ ಒಂದೇ ವಾಕ್ಯದಲ್ಲಿ ಎರಡು ಮೂರು ನಿಷೇಧಪದಗಳು ಕೂಡುವುದು ಅಲ್ಲಿ ಸಹಜವಾಯಿತು. ಅವೆಲ್ಲ ಸೇರಿ ಒಂದೇ ನಿಷೇಧವನ್ನು ಹೇಳುತ್ತಿದ್ದವು. ಇದನ್ನು ನಾವು ‘ನಿಷೇಧಗಳ ಹೊಂದಾಣಿಕೆ’ ಎಂದು ಕರೆಯುತ್ತೇವೆ. 14ನೆಯ ಶತಮಾನದ ಚಾಸರನು ‘ಕ್ಯಾಂಟರ್‌ಬರಿ ಟೇಲ್ಸ್’ ಪೀಠಿಕೆಯಲ್ಲಿ ವೀರಯೋಧನ ಸೌಜನ್ಯವನ್ನು ವರ್ಣಿಸುವಾಗ ಒಂದೇ ವಾಕ್ಯದಲ್ಲಿ ನಿಷೇಧವನ್ನು ಮತ್ತೆ ಮತ್ತೆ ಹೇರುತ್ತಾನೆ. ಅವನ ಕಾಲದ ಓದುಗರಿಗೆ ಅದು ತಪ್ಪಾಗಿ ತೋರಿರಲು ಸಾಧ್ಯವಿಲ್ಲ.

3. ಹೋಲಿಕೆಯೊಳಗಿನ ನಿಷೇಧ

ಹೋಲಿಕೆಯ ‘ದ್ಯಾನ್’ ಮತ್ತು ಕಾಲವಾಚಿಯಾದ ‘ದೆನ್’ ಮೂಲದಲ್ಲಿ ಒಂದೇ ಪದ. ಹಳೆಯ ಇಂಗ್ಲಿಷಿನ ‘ಥೊನ್ನೆ’ ಎರಡಕ್ಕೂ ತಾಯಿ; ಇವೆರಡರ ಕಾಗುಣಿತ ಖಚಿತವಾಗಿ ಬೇರೆಯಾದದ್ದು ಸುಮಾರು 1700ರ ಹೊತ್ತಿಗೆ. ‘ಇವನು ಎತ್ತರ, ಆಮೇಲೆ ಅವನು’ ಎಂಬ ಅನುಕ್ರಮದಿಂದ ‘ಅವನಿಗಿಂತ ಇವನು ಎತ್ತರ’ ಎಂಬ ಹೋಲಿಕೆ ಹುಟ್ಟಿತೆಂಬುದು ಒಂದು ವಿವರಣೆ. ಅನುಕ್ರಮದಲ್ಲಿ ಹಿಂದೆ ನಿಂತವನಿಗೆ ಆ ಮಟ್ಟ ಇಲ್ಲವೆಂಬುದು ಅದರಲ್ಲಿಯೇ ಅಡಗಿದೆ.

ಈ ಅಡಗಿದ ನಿಷೇಧಕ್ಕೆ ಬೇರೆ ಸಾಕ್ಷ್ಯಗಳೂ ಇವೆ. ಸ್ಕಾಟ್ಲೆಂಡಿನ ಇಂಗ್ಲಿಷಿನಲ್ಲಿಯೂ ಇಂಗ್ಲೆಂಡಿನ ಹಲವು ಪ್ರಾಂತಭಾಷೆಗಳಲ್ಲಿಯೂ ‘ದ್ಯಾನ್’ ಬದಲಿಗೆ ‘ನಾರ್’ ಎಂಬ ನಿಷೇಧಪದವೇ ಬಳಕೆಗೆ ಬಂದಿತ್ತು. ಫ್ರೆಂಚ್ ಭಾಷೆಯಲ್ಲಿ ‘ನಾನು ಎಣಿಸಿದ್ದಕ್ಕಿಂತ ದೊಡ್ಡದು’ ಎನ್ನುವಾಗ ‘ಎಣಿಸಿದ್ದು’ ಎಂಬುದರ ಮುಂದೆ ಅರ್ಥಕ್ಕೆ ಬೇಡದ ‘ನೆ’ ಒಂದು ಬಂದು ನಿಲ್ಲುತ್ತದೆ. ಶಿಷ್ಟ ಇಂಗ್ಲಿಷಿನಲ್ಲಿಯೂ ನಿಷೇಧದ ನೆರಳಿನಲ್ಲಿ ಬೆಳೆಯುವ ‘ಎನಿ’, ‘ಎವರ್’ ಪದಗಳು ‘ದ್ಯಾನ್’ ನಂತರ ಧಾರಾಳವಾಗಿ ಬರುತ್ತವೆ. ಇಂಥ ಪದಗಳ ವಿತರಣೆಯನ್ನು 1964ರಲ್ಲಿ ಎಡ್ವರ್ಡ್ ಕ್ಲೀಮಾ ಕ್ರಮಬದ್ಧವಾಗಿ ಪರಿಶೀಲಿಸಿದನು. 1973ರಲ್ಲಿ ಪೀಟರ್ ಸ್ಯೂರೆನ್ ಹೋಲಿಕೆಯನ್ನೇ ನಿಷೇಧವಾಗಿ ಬಿಡಿಸಿ ತೋರಿಸಿದನು: ‘ಇವನು ಮುಟ್ಟಿದ, ಅವನು ಮುಟ್ಟದ ಒಂದು ಎತ್ತರವಿದೆ’ ಎಂಬುದೇ ‘ಇವನು ಅವನಿಗಿಂತ ಎತ್ತರ’ ಎಂಬುದರ ಒಳರೂಪ.

ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ‘ಲೆಸ್’ ಎಂಬ ಪದದ ಚರಿತ್ರೆಯಲ್ಲಿದೆ. ‘ಎಲ್ಲಿ ಹೀಗಾಗಿಬಿಡುತ್ತದೋ’ ಎಂಬ ಆತಂಕವನ್ನು ಹೇಳುವ ‘ಲೆಸ್ಟ್’ ಪದ ಹಳೆಯ ಇಂಗ್ಲಿಷಿನ ‘ಥೀ ಲ್ಯಾಸ್ ಥೆ’ ಎಂಬ ಮೂರು ಪದಗಳ ಗುಂಪಿನಿಂದ ಬಂದಿದೆ. ‘ಅದರಿಂದ ಅಷ್ಟು ಕಡಿಮೆ’ ಎಂಬುದು ಅದರ ಅಕ್ಷರಾರ್ಥ. ಹೀಗಾಗುವ ಸಂಭವ ಕಡಿಮೆಯಾಗಲಿ ಎಂದಿದ್ದದ್ದು ಹೀಗಾಗದಿರಲಿ ಎಂದಾಯಿತು. ಇದೇ ಅರ್ಥಕ್ಕೆ ಕನ್ನಡವು ‘ಎಲ್ಲಿ’ ಎಂಬ ಪ್ರಶ್ನಾರ್ಥಕವನ್ನು ಆಶ್ರಯಿಸಿದರೆ ಇಂಗ್ಲಿಷ್ ಹೋಲಿಕೆಯನ್ನು ಆಶ್ರಯಿಸಿದೆ.

‘ಅನ್‌ಲೆಸ್’ ಪದದ ಕಥೆ ಇನ್ನೂ ಕುತೂಹಲಕರ. 15ನೆಯ ಶತಮಾನದಲ್ಲಿ ಅದು ‘ಆನ್ ಲೆಸ್ ದ್ಯಾನ್’ ಎಂಬ ರೂಪದಲ್ಲಿ ಕಾಣಿಸುತ್ತದೆ. ‘ಇದಕ್ಕಿಂತ ಕಡಿಮೆಯ ಷರತ್ತಿನ ಮೇಲೆ’ ಎಂಬುದು ಅದರ ಅರ್ಥ. ಫ್ರೆಂಚಿನ ‘ಆ ಮ್ವಾ ಕ’ ಎಂಬ ಪದಪುಂಜ ಇದಕ್ಕೆ ಸಮಾನಾಂತರವಾದದ್ದು. ನಿಷೇಧವಾಕ್ಯಗಳ ಜೊತೆಯಲ್ಲಿ ಪದೇ ಪದೇ ಬಂದುದರಿಂದ ಮತ್ತು ಒತ್ತು ಬೀಳದ ಕಾರಣ ‘ಆನ್’ ಎಂಬುದು ‘ಅನ್’ ಎಂಬ ನಿಷೇಧದ ಪೂರ್ವಪ್ರತ್ಯಯದಂತೆ ಕೇಳಿಸತೊಡಗಿತು. ಹೀಗೆ ಮೂಲದಲ್ಲಿ ನಿಷೇಧವೇ ಇಲ್ಲದ ಪದವೊಂದು ರೂಪದಲ್ಲಿಯೂ ನಿಷೇಧದ ವೇಷ ತೊಟ್ಟಿತು.

‘ಕಡಿಮೆ’ ಎಂಬುದು ‘ಇಲ್ಲ’ ಎಂಬುದರತ್ತ ಸರಿಯುವುದು ಇಂಗ್ಲಿಷಿಗೆ ಮಾತ್ರ ಸೀಮಿತವಲ್ಲ. ಲ್ಯಾಟಿನ್ನಿನಲ್ಲಿ ‘ಅತ್ಯಲ್ಪವಾಗಿ’ ಎಂಬರ್ಥದ ‘ಮಿನಿಮೆ’ ಪ್ರಶ್ನೆಗೆ ‘ಖಂಡಿತ ಇಲ್ಲ’ ಎಂಬ ಉತ್ತರವಾಗಿತ್ತು. ನಮ್ಮ ವೈಯಾಕರಣ ಪರಂಪರೆ ಇದನ್ನು ಬಹಳ ಹಿಂದೆಯೇ ಗಮನಿಸಿತ್ತು. ಸಂಸ್ಕೃತದ ನಞ್ ಎಂಬ ನಿಷೇಧಾವ್ಯಯಕ್ಕೆ ಪರಂಪರೆ ಆರು ಅರ್ಥಗಳನ್ನು ಹೇಳುತ್ತದೆ: ಸಾದೃಶ್ಯ, ಅಭಾವ, ಅನ್ಯತ್ವ, ಅಲ್ಪತೆ, ಅಪ್ರಾಶಸ್ತ್ಯ, ವಿರೋಧ. ಅಲ್ಪತೆಗೆ ಕೊಡುವ ಉದಾಹರಣೆ ‘ಅನುದರಾ ಕನ್ಯಾ’. ಉದರವೇ ಇಲ್ಲದವಳು ಎಂಬುದರ ಅರ್ಥ ಕೃಶೋದರಿ ಎಂದು. ಅಲ್ಲಿ ನಿಷೇಧ ಅಲ್ಪತೆಯನ್ನು ಹೇಳುತ್ತದೆ. ಇಲ್ಲಿ ಅಲ್ಪತೆ ನಿಷೇಧವನ್ನು ಹೇಳುತ್ತದೆ. ದಿಕ್ಕು ಬೇರೆಯಾದರೂ ದಾರಿ ಒಂದೇ. ಸಾದೃಶ್ಯವನ್ನೂ ನಿಷೇಧದ ಅರ್ಥಗಳಲ್ಲಿ ಎಣಿಸಿರುವುದು ಹೋಲಿಕೆಗೂ ನಿಷೇಧಕ್ಕೂ ಇರುವ ನೆಂಟಸ್ತನವನ್ನು ಆ ಪರಂಪರೆ ಬಲ್ಲದೆಂಬುದಕ್ಕೆ ಇನ್ನೊಂದು ಗುರುತು.

4. ಅಳತೆಯಾದ ‘ನೋ’

ಇಂದಿನ ಇಂಗ್ಲಿಷಿನ ‘ನೋ’ ಎರಡು ಬೇರೆ ಪದಗಳ ಸಂಗಮ. ‘ನೋ ಮ್ಯಾನ್’ ಎಂಬಲ್ಲಿರುವುದು ‘ನೆ’ ಮತ್ತು ‘ಒಂದು’ ಎಂಬರ್ಥದ ‘ಆನ್’ ಸೇರಿ ಆದ ‘ನಾನ್’. ‘ನೋ ಮೋರ್’ ಎಂಬಲ್ಲಿರುವುದು ‘ನೆ’ ಮತ್ತು ‘ಆ’ ಸೇರಿ ಆದ ‘ನಾ’. ‘ಎಂದಿಗೂ ಇಲ್ಲ, ಸ್ವಲ್ಪವೂ ಇಲ್ಲ’ ಎಂಬುದು ಅದರ ಅರ್ಥ. ಎರಡನೆಯದು ಹೋಲಿಕೆ ರೂಪಗಳ ಹಿಂದೆ ಬಂದಾಗ ಅಳತೆಯ ಪದದಂತೆ ವರ್ತಿಸುತ್ತದೆ. ‘ಎರಡು ಅಂಗುಲ ಹೆಚ್ಚು’ ಎಂಬಲ್ಲಿ ಅಂತರ ಎರಡು ಅಂಗುಲ. ‘ನೋ ಮೋರ್’ ಎಂಬಲ್ಲಿ ಅಂತರ ಸೊನ್ನೆ. ಹಳೆಯ ‘ನಾ ಥೀ ಲ್ಯಾಸ್’ ಎಂಬ ಪದಗುಚ್ಛದ ಅರ್ಥ ‘ಅದರಿಂದೇನೂ ಕಡಿಮೆಯಾಗದೆ’ ಎಂದು. ಅದು ‘ನೇತ್‌ಲೆಸ್’ ಆಯಿತು. ಅದರ ಜಾಡಿನಲ್ಲಿಯೇ ‘ನೆವರ್‌ದಲೆಸ್’, ‘ನನ್‌ದಲೆಸ್’ ಬಂದವು.

ಈ ದೃಷ್ಟಿಯಿಂದ ಮೊದಲು ಹೇಳಿದ ವ್ಯತ್ಯಾಸ ಅರ್ಥವಾಗುತ್ತದೆ. ‘ನಾಟ್ ಮೋರ್ ದ್ಯಾನ್ ಫೈವ್’ ಎಂಬಲ್ಲಿ ‘ಐದಕ್ಕಿಂತ ಹೆಚ್ಚು’ ಎಂಬ ಹೇಳಿಕೆಯನ್ನು ಅಲ್ಲಗಳೆಯಲಾಗಿದೆ. ಐದು, ನಾಲ್ಕು, ಮೂರು ಯಾವುದೂ ಆಗಬಹುದು. ‘ನೋ ಮೋರ್ ದ್ಯಾನ್ ಫೈವ್’ ಎಂಬಲ್ಲಿ ಐದಕ್ಕೂ ನಿಜಸಂಖ್ಯೆಗೂ ಇರುವ ಅಂತರ ಸೊನ್ನೆ. ಆದ್ದರಿಂದ ಸಂಖ್ಯೆ ಐದೇ. ಹೆಚ್ಚಿರಬಹುದೆಂಬ ನಿರೀಕ್ಷೆಯನ್ನು ಎತ್ತಿ ಅದನ್ನು ಸೊನ್ನೆ ಮಾಡಿರುವುದರಿಂದ ‘ಇಷ್ಟೇ’ ಎಂಬ ಧ್ವನಿ ಹೊರಡುತ್ತದೆ. ‘ನೋ ಲೆಸ್ ದ್ಯಾನ್ ಫೈವ್ ಹಂಡ್ರೆಡ್’ ಎಂಬಲ್ಲಿ ಕಡಿಮೆಯ ನಿರೀಕ್ಷೆ ಸೊನ್ನೆಯಾಗಿ ‘ಐನೂರರಷ್ಟು’ ಎಂಬ ಬೆರಗು ಹುಟ್ಟುತ್ತದೆ. ಕನ್ನಡವು ಈ ಧ್ವನಿಗಳನ್ನು ನಿಷೇಧದ ಮೂಲಕವಲ್ಲದೆ ಅವಧಾರಣೆಯ ‘ಏ’ ಪ್ರತ್ಯಯದಿಂದ, ‘ಅಷ್ಟೇ’, ‘ಮಾತ್ರ’ ಮುಂತಾದ ಪದಗಳಿಂದ ತರುತ್ತದೆ. ಸಲಕರಣೆ ಬೇರೆಯಾದುದರಿಂದಲೇ ಇಂಗ್ಲಿಷಿನ ಈ ವ್ಯತ್ಯಾಸ ಕನ್ನಡ ಬಲ್ಲವರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ.

ತಿಮಿಂಗಿಲ ಮತ್ತು ಕುದುರೆಯ ವಾಕ್ಯ ಇದರ ಪ್ರಸಿದ್ಧ ಉದಾಹರಣೆ. ‘ಎ ವೇಲ್ ಇಸ್ ನೋ ಮೋರ್ ಎ ಫಿಶ್ ದ್ಯಾನ್ ಎ ಹಾರ್ಸ್ ಇಸ್’ ಎಂಬ ಈ ಮಾದರಿ ಜಪಾನಿನ ಇಂಗ್ಲಿಷ್ ಬೋಧನೆಯಲ್ಲಿ ಎಷ್ಟು ನೆಲೆಯೂರಿದೆಯೆಂದರೆ ಅಲ್ಲಿ ಈ ರಚನೆಗೆ ‘ತಿಮಿಂಗಿಲ ವಾಕ್ಯರಚನೆ’ ಎಂದೇ ಹೆಸರು. ಇದರ ಲೆಕ್ಕ ಹೀಗೆ: ಕುದುರೆಯಲ್ಲಿರುವ ಮೀನುತನ ಸೊನ್ನೆ, ತಿಮಿಂಗಿಲದ ಮೀನುತನ ಅದಕ್ಕಿಂತ ಸೊನ್ನೆಯಷ್ಟು ಹೆಚ್ಚು, ಆದ್ದರಿಂದ ಅದೂ ಸೊನ್ನೆ. ತರ್ಕ ನೇರವಾಗಿಯೇ ಇದೆ. ತೊಡಕಿರುವುದು ಬೇರೆ ಕಡೆ. ಎರಡನೆಯ ಉಪವಾಕ್ಯದಲ್ಲಿ ನಿಷೇಧದ ಗುರುತೇ ಇಲ್ಲ, ಆದರೆ ಅರ್ಥದಲ್ಲಿ ನಿಷೇಧವಿದೆ. ಕುದುರೆ ಮೀನಲ್ಲವೆಂಬುದನ್ನು ಓದುಗ ತನ್ನ ತಿಳಿವಳಿಕೆಯಿಂದ ತುಂಬಿಕೊಳ್ಳಬೇಕು. ಕನ್ನಡದಲ್ಲಿ ‘ಕುದುರೆ ಹೇಗೆ ಮೀನಲ್ಲವೋ ಹಾಗೆಯೇ ತಿಮಿಂಗಿಲವೂ ಮೀನಲ್ಲ’ ಎಂದು ಎರಡೂ ಕಡೆ ‘ಅಲ್ಲ’ ಎನ್ನುತ್ತೇವೆ. ಆ ಅಭ್ಯಾಸದಿಂದ ಇಂಗ್ಲಿಷ್ ವಾಕ್ಯದ ಕೊನೆಯ ‘ಇಸ್’ ಜಾಗದಲ್ಲಿ ‘ಇಸ್ ನಾಟ್’ ಬರೆಯಲು ಕೈ ತವಕಿಸುತ್ತದೆ.

ಹೋಲಿಕೆ ವಸ್ತುಗಳ ನಡುವೆ ಇಲ್ಲದೆ ಪದಗಳ ನಡುವೆಯೇ ನಡೆಯುವ ರಚನೆಯೂ ಉಂಟು. ‘ಹೀ ಇಸ್ ಮೋರ್ ಲೇಝಿ ದ್ಯಾನ್ ಸ್ಟುಪಿಡ್’ ಎಂಬಲ್ಲಿ ಸೋಮಾರಿತನವನ್ನೂ ದಡ್ಡತನವನ್ನೂ ಒಂದೇ ಕೋಲಿನಲ್ಲಿ ಅಳೆಯುತ್ತಿಲ್ಲ. ಯಾವ ಪದ ಹೆಚ್ಚು ಸಲ್ಲುತ್ತದೆ ಎಂದು ಹೇಳಲಾಗುತ್ತಿದೆ. ಅದಕ್ಕಾಗಿಯೇ ಇಲ್ಲಿ ‘ಲೇಝಿಯರ್’ ಎಂಬ ಪ್ರತ್ಯಯರೂಪ ಸಲ್ಲದು. ‘ದಡ್ಡ ಎನ್ನುವುದಕ್ಕಿಂತ ಸೋಮಾರಿ ಎನ್ನಬೇಕು’ ಎಂಬ ಕನ್ನಡ ವಾಕ್ಯದಲ್ಲಿ ‘ಎನ್ನು’ ಧಾತು ಈ ಒಳಗುಟ್ಟನ್ನು ಬಯಲಿಗೇ ಇಡುತ್ತದೆ.

5. ‘ಹೊರಗೆ’ ಎಂಬ ‘ಬಟ್’

‘ಬಟ್’ ಪದದ ಮೂಲ ಹಳೆಯ ಇಂಗ್ಲಿಷಿನ ‘ಬೂಟಾನ್’. ‘ಹೊರಗೆ’ ಎಂಬುದು ಅದರ ಅರ್ಥ. ಕನ್ನಡದ ‘ಹೊರತು’ ಎಂಬ ಅವ್ಯಯವೂ ‘ಹೊರ’ ಎಂಬುದರಿಂದಲೇ ಬಂದಿದೆ. ಈ ಮೂಲಾರ್ಥವನ್ನು ಹಿಡಿದರೆ ಮೂರು ನುಡಿಗಟ್ಟುಗಳೂ ಕಂಠಪಾಠವಿಲ್ಲದೆ ಬಿಡಿಸಿಕೊಳ್ಳುತ್ತವೆ. ‘ನಥಿಂಗ್ ಬಟ್’ ಎಂದರೆ ಅದರ ಹೊರಗೆ ಏನೂ ಇಲ್ಲ, ಆದ್ದರಿಂದ ಅದೊಂದೇ. ‘ಎನಿಥಿಂಗ್ ಬಟ್’ ಎಂದರೆ ಅದರ ಹೊರಗಿನ ಏನಾದರೂ ಆಗಬಹುದು. ಆದ್ದರಿಂದ ಅದೊಂದು ಮಾತ್ರ ಅಲ್ಲ. ‘ಆಲ್ ಬಟ್’ ಎಂದರೆ ಅದರ ಹೊರಗಿನ ಎಲ್ಲವೂ ಆಗಿದೆ. ಆದ್ದರಿಂದ ಅದರ ಅಂಚಿಗೆ ಬಂದು ನಿಂತಿದೆ.

‘ಹೀ ಇಸ್ ಬಟ್ ಎ ಚೈಲ್ಡ್’ ಎಂಬಲ್ಲಿ ‘ಬಟ್’ ಪದಕ್ಕೆ ‘ಕೇವಲ’ ಎಂಬ ಅರ್ಥ ಹೇಗೆ ಬಂದಿತು ಎಂಬುದಕ್ಕೆ ಎರಡನೆಯ ಭಾಗದಲ್ಲಿ ನೋಡಿದ ಚಲನೆಯೇ ಉತ್ತರ. ಮೊದಲು ಅಲ್ಲಿ ‘ನೆ’ ಇತ್ತು. ‘ಮಗುವಿನ ಹೊರತು ಬೇರೇನೂ ಅಲ್ಲ’ ಎಂಬುದು ಅರ್ಥವಾಗಿತ್ತು. ‘ನೆ’ ಬಿದ್ದುಹೋಯಿತು, ಅದರ ಅರ್ಥ ಮಾತ್ರ ‘ಬಟ್’ ಪದದೊಳಗೆ ಉಳಿಯಿತು. ಉತ್ತರ ಇಂಗ್ಲೆಂಡಿನ ‘ನಾಬಟ್’ ಎಂಬ ಪ್ರಾಂತಪದ ಆ ನಿಷೇಧವನ್ನು ಇನ್ನೂ ಬಿಟ್ಟುಕೊಟ್ಟಿಲ್ಲ. ಅದರ ಅರ್ಥವೂ ‘ಕೇವಲ’ ಎಂದೇ.

6. ವ್ಯಾಕರಣಕಾರರ ಲೆಕ್ಕ

ಎರಡು ನಿಷೇಧಗಳು ಸೇರಿ ವಿಧಿಯಾಗುತ್ತವೆ ಎಂಬ ನಿಯಮವನ್ನು ರಾಬರ್ಟ್ ಲೌತ್ ಎಂಬ ಪಾದ್ರಿ ವಿದ್ವಾಂಸನು 18ನೆಯ ಶತಮಾನದಲ್ಲಿ ಹುಟ್ಟುಹಾಕಿದನೆಂದು ಅನೇಕ ಪುಸ್ತಕಗಳು ಹೇಳುತ್ತವೆ. ಇದು ಪೂರ್ತಿ ಸರಿಯಲ್ಲ. ಲೌತನ ವ್ಯಾಕರಣ ಪ್ರಕಟವಾದದ್ದು 1762ರಲ್ಲಿ. 1711ರಲ್ಲಿಯೇ ಜೇಮ್ಸ್ ಗ್ರೀನ್‌ವುಡ್ ತನ್ನ ವ್ಯಾಕರಣದಲ್ಲಿ ಈ ನಿಯಮವನ್ನು ಹೇಳಿದ್ದನು. ಅದಕ್ಕೂ ಮುಖ್ಯವಾದ ಸಂಗತಿಯೆಂದರೆ, ನಿಷೇಧಗಳ ಹೊಂದಾಣಿಕೆ ಬರಹದ ಇಂಗ್ಲಿಷಿನಿಂದ ಅದಕ್ಕೂ ಮೊದಲೇ ಸರಿಯತೊಡಗಿತ್ತು. ಫಿನ್ಲೆಂಡಿನ ಟೆರ್ಟು ನೆವಲೈನೆನ್ ಮತ್ತು ಸಹ ಸಂಶೋಧಕರು ಹಳೆಯ ಪತ್ರವ್ಯವಹಾರದ ಸಂಗ್ರಹವನ್ನು ಆಧರಿಸಿ, 16 ಮತ್ತು 17ನೆಯ ಶತಮಾನಗಳಲ್ಲಿ ವಿದ್ಯಾವಂತ ವೃತ್ತಿಗಳ ಹಾಗೂ ಮೇಲ್ವರ್ಗದ ಪುರುಷರು ಈ ಬದಲಾವಣೆಯಲ್ಲಿ ಮುಂದಿದ್ದರೆಂದು ತೋರಿಸಿದ್ದಾರೆ. ವ್ಯಾಕರಣಕಾರರು ಮಾಡಿದ್ದು ಬದಲಾವಣೆಯನ್ನಲ್ಲ. ಆಗಲೇ ಒಂದು ವರ್ಗದ ಗುರುತಾಗಿದ್ದ ಬಳಕೆಗೆ ತರ್ಕದ ಮುದ್ರೆಯನ್ನು ಒತ್ತಿದರು. 1795ರಲ್ಲಿ ಬಂದ ಲಿಂಡ್ಲಿ ಮರ್ರೆಯ ವ್ಯಾಕರಣ ಶಾಲೆಗಳಲ್ಲಿ ವ್ಯಾಪಕವಾಗಿ ಬಳಕೆಯಾಗಿ ಈ ನಿಯಮವನ್ನು ಮನೆಮಾತಾಗಿಸಿತು.

ಮುದ್ರೆ ಬಿದ್ದ ಮೇಲೆ ಫಲ ಎರಡು ಬಗೆಯಾಯಿತು. ಒಂದು ಕಡೆ, ಶಿಷ್ಟ ಇಂಗ್ಲಿಷಿನಲ್ಲಿ ಎರಡು ನಿಷೇಧಗಳನ್ನು ಸೂಕ್ಷ್ಮವಾದ ವಿಧಿಗಾಗಿ ಬಳಸುವ ಕಲೆ ಬೆಳೆಯಿತು. ನಿಷೇಧದ ಮೂಲಕ ತಗ್ಗಿಸಿ ಹೇಳುವ ಲಿಟೊಟೀಸ್ ಹಳೆಯ ಇಂಗ್ಲಿಷ್ ಕಾವ್ಯದಲ್ಲಿಯೇ ಹೇರಳವಾಗಿತ್ತು. ಗದ್ಯದಲ್ಲಿ ‘ನಾಟ್ ಅನ್‌ಕಾಮನ್’ ಮಾದರಿಯ ಪದಗಳು ಎಷ್ಟು ಹೆಚ್ಚಿದವೆಂದರೆ ಜಾರ್ಜ್ ಆರ್ವೆಲ್ 1946ರ ತನ್ನ ಪ್ರಬಂಧದಲ್ಲಿ ಅದನ್ನು ಗೇಲಿ ಮಾಡಿದನು. ಗಮನಿಸಬೇಕಾದದ್ದೆಂದರೆ, ‘ನಾಟ್ ಅನ್‌ಹ್ಯಾಪಿ’ ಎಂಬುದು ‘ಹ್ಯಾಪಿ’ಗೆ ಸಮವಲ್ಲ, ಸಂತೋಷಕ್ಕೂ ದುಃಖಕ್ಕೂ ನಡುವಿನ ಒಂದು ಸ್ಥಿತಿ. ಕನ್ನಡದಲ್ಲಿ ‘ಗೊತ್ತಿಲ್ಲದೆ ಇಲ್ಲ’ ಎಂದಾಗಲೂ ‘ಗೊತ್ತು’ ಎಂದು ಸೀದಾ ಹೇಳಿದಂತಾಗುವುದಿಲ್ಲ. ಅಂದರೆ ನಿಯಮ ಅನ್ವಯಿಸುವ ಕಡೆಯಲ್ಲಿಯೂ ಎರಡು ನಿಷೇಧಗಳು ಗಣಿತದಂತೆ ಪೂರ್ತಿ ಹೊಡೆದುಹೋಗುವುದಿಲ್ಲ.

ಇನ್ನೊಂದು ಕಡೆ, ಹಳೆಯ ಹೊಂದಾಣಿಕೆಯನ್ನು ಬಿಡದ ದುಡಿಯುವ ವರ್ಗದ, ಪ್ರಾಂತಗಳ, ಅಮೆರಿಕದ ಕಪ್ಪು ಜನರ ಇಂಗ್ಲಿಷು ತರ್ಕವಿಲ್ಲದ ಮಾತೆಂಬ ಹಣೆಪಟ್ಟಿ ಹೊರಬೇಕಾಯಿತು. 1960ರ ದಶಕದ ಅಮೆರಿಕದಲ್ಲಿ ಬಡ ಕಪ್ಪು ಮಕ್ಕಳ ಭಾಷೆಯೇ ಅವರ ಕಲಿಕೆಗೆ ಅಡ್ಡಿ, ಅದರಲ್ಲಿ ತಾರ್ಕಿಕ ಚಿಂತನೆ ಸಾಧ್ಯವಿಲ್ಲ ಎಂಬ ವಾದ ಶಿಕ್ಷಣತಜ್ಞರಲ್ಲಿ ಕೆಲವರಿಂದ ಕೇಳಿಬಂದಿತ್ತು. ವಿಲಿಯಂ ಲಬೋವ್ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ನಡೆಸಿದ ಅಧ್ಯಯನದ ಬಲದಿಂದ ಶಿಷ್ಟೇತರ ಇಂಗ್ಲಿಷಿನ ತರ್ಕವನ್ನು ಕುರಿತ 1969ರ ಪ್ರಬಂಧದಲ್ಲಿ ಇದನ್ನು ಖಂಡಿಸಿದನು; 1972ರಲ್ಲಿ ಆ ನಿಷೇಧಗಳ ಹೊಂದಾಣಿಕೆಗೆ ಕಟ್ಟುನಿಟ್ಟಾದ ನಿಯಮಗಳಿವೆಯೆಂದು ವಿವರವಾಗಿ ತೋರಿಸಿದನು. ಚಾಸರನಲ್ಲಿ ಸೊಬಗಾದದ್ದು ಹಾರ್ಲೆಮ್‌ನ ಹುಡುಗನಲ್ಲಿ ದೋಷವಾಗಲು ಭಾಷಾಶಾಸ್ತ್ರದ ಕಾರಣ ಯಾವುದೂ ಇಲ್ಲ.

7. ಲೆಕ್ಕ ತಪ್ಪುವ ಕಡೆ

ಶಿಷ್ಟ ಭಾಷೆಯನ್ನಾಡುವವರು ತಮ್ಮದೇ ಲೆಕ್ಕವನ್ನು ಎಷ್ಟರಮಟ್ಟಿಗೆ ಪಾಲಿಸುತ್ತಾರೆ? 1979ರಲ್ಲಿ ಮನೋವಿಜ್ಞಾನಿಗಳಾದ ಪೀಟರ್ ವೇಸನ್ ಮತ್ತು ಶೂಲಿ ರೈಖ್ ‘ಮಾತಿನ ಭ್ರಮೆ’ ಎಂದು ಕರೆದ ವಾಕ್ಯವೊಂದು ಇದಕ್ಕೆ ಒರೆಗಲ್ಲು: ‘ನೋ ಹೆಡ್ ಇಂಜುರಿ ಇಸ್ ಟೂ ಟ್ರಿವಿಯಲ್ ಟು ಬಿ ಇಗ್ನೋರ್ಡ್’. ತಲೆಗೆ ಬಿದ್ದ ಪೆಟ್ಟು ಎಷ್ಟೇ ಸಣ್ಣದಾದರೂ ಅಲಕ್ಷಿಸಬಾರದು ಎಂದೇ ಹೆಚ್ಚಿನವರು ಇದನ್ನು ಓದುತ್ತಾರೆ. ಬಿಡಿಸಿ ನೋಡಿದರೆ ಅರ್ಥ ತಿರುಗುಮುರುಗು.

‘ಟೂ’ ಎಂಬ ಅತಿವಾಚಿಯಲ್ಲಿ ನಿಷೇಧವೊಂದು ಅಡಗಿದೆ: ‘ಟೂ ಸ್ಮಾಲ್ ಟು ಸೀ’ ಎಂದರೆ ಕಾಣದಷ್ಟು ಸಣ್ಣದು. ಹಾಗೆಯೇ ‘ಟೂ ಟ್ರಿವಿಯಲ್ ಟು ಬಿ ಇಗ್ನೋರ್ಡ್’ ಎಂದರೆ ಅಲಕ್ಷಿಸಲಾಗದಷ್ಟು ಕ್ಷುಲ್ಲಕ. ಇದೇ ಒಂದು ವಿಚಿತ್ರ ಕಲ್ಪನೆ. ಅಂಥ ಪೆಟ್ಟು ಯಾವುದೂ ಇಲ್ಲವೆಂದರೆ, ಎಷ್ಟೇ ಕ್ಷುಲ್ಲಕವಾದರೂ ಪ್ರತಿಯೊಂದನ್ನೂ ಅಲಕ್ಷಿಸಬಹುದು ಎಂದಾಗುತ್ತದೆ. ‘ನೋ’, ‘ಟೂ’, ‘ಟ್ರಿವಿಯಲ್’, ‘ಇಗ್ನೋರ್ಡ್’ ಈ ನಾಲ್ಕರಲ್ಲಿಯೂ ನಿಷೇಧದ ಅಂಶವಿದೆ. ನಾಲ್ಕನ್ನೂ ಗುಣಿಸುತ್ತ ಹೋಗುವ ಬದಲು ಓದುಗನ ಮನಸ್ಸು ಅವನ್ನೆಲ್ಲ ಒಂದೇ ರಾಶಿಗೆ ಕೂಡಿಸಿ, ಲೋಕಜ್ಞಾನಕ್ಕೆ ಒಪ್ಪುವ ಅರ್ಥವನ್ನು ಆರಿಸಿಕೊಳ್ಳುತ್ತದೆ. ನಮ್ಮ ಅಭಿಪ್ರಾಯದಲ್ಲಿ ಇದು ನಿಷೇಧಗಳ ಹೊಂದಾಣಿಕೆಯ ಹಳೆಯ ಪ್ರವೃತ್ತಿಗೆ ತೀರ ಹತ್ತಿರವಾದದ್ದು. ವ್ಯಾಕರಣದಿಂದ ಹೊರಹಾಕಿದ್ದು ಗ್ರಹಿಕೆಯಲ್ಲಿ ಇನ್ನೂ ಮನೆ ಮಾಡಿಕೊಂಡಿದೆ.

20ನೆಯ ಶತಮಾನದ ನಡುವಿನಲ್ಲಿ ಹುಟ್ಟಿಕೊಂಡ ಜೋಡಿಯೊಂದು ಇದೇ ಮಾತನ್ನು ಇನ್ನೊಂದು ದಿಕ್ಕಿನಿಂದ ಹೇಳುತ್ತದೆ. ‘ಐ ಕುಡಂಟ್ ಕೇರ್ ಲೆಸ್’ ಎಂದರೆ ನನ್ನ ಆಸ್ಥೆ ಇನ್ನು ಕಡಿಮೆಯಾಗಲು ಸಾಧ್ಯವಿಲ್ಲ, ಅಂದರೆ ಅದು ಸೊನ್ನೆಯಲ್ಲಿದೆ. ಅಮೆರಿಕದಲ್ಲಿ ಇದು ನಿಷೇಧವನ್ನೇ ಕಳಚಿಕೊಂಡು ‘ಐ ಕುಡ್ ಕೇರ್ ಲೆಸ್’ ಎಂದಾಯಿತು. ಅರ್ಥ ಮಾತ್ರ ಬದಲಾಗಲಿಲ್ಲ. ಇದನ್ನು ಅಜ್ಞಾನವೆಂದು ಜರೆದವರುಂಟು, ವ್ಯಂಗ್ಯವೆಂದು ಸಮರ್ಥಿಸಿದವರೂ ಉಂಟು. ‘ನೆ’ ಬಿದ್ದ ಮೇಲೂ ‘ಬಟ್’ ಪದದಲ್ಲಿ ನಿಷೇಧ ಉಳಿದ ಚರಿತ್ರೆಯನ್ನು ನೋಡಿದವರಿಗೆ ಇದರಲ್ಲಿ ಹೊಸದೇನೂ ಕಾಣದು. ಇಡೀ ನುಡಿಗಟ್ಟೇ ನಿಷೇಧವನ್ನು ಹೀರಿಕೊಂಡಿರುವಾಗ ಅದರ ಹೊರಗುರುತು ಬೀಳುವುದು ಇಂಗ್ಲಿಷಿನಲ್ಲಿ ಹಳೆಯ ಸಂಪ್ರದಾಯ.

‘ಯೂ ಕಾಂಟ್ ಬಿ ಟೂ ಕೇರ್‌ಫುಲ್’ ಎಂಬುದೂ ಈ ಗುಂಪಿನದೇ. ಎಚ್ಚರ ಅತಿಯಾಗುವ ಮಟ್ಟವೇ ಇಲ್ಲ ಎಂಬುದು ಅದರ ತಿರುಳು. ಹೊಸದಾಗಿ ಕಲಿಯುವವನು ಅದನ್ನು ‘ಅತಿಯಾಗಿ ಎಚ್ಚರ ವಹಿಸಬಾರದು’ ಎಂದು ಓದಿದರೆ ಆಶ್ಚರ್ಯವಿಲ್ಲ; ಇಂಗ್ಲಿಷಿನ ‘ಕ್ಯಾನಾಟ್’ ಅಸಾಧ್ಯವನ್ನೂ ಹೇಳುತ್ತದೆ, ನಿರ್ಬಂಧವನ್ನೂ ಹೇಳುತ್ತದೆ. ‘ಎಷ್ಟು ಎಚ್ಚರವಾಗಿದ್ದರೂ ಸಾಲದು’, ‘ಎಷ್ಟು ಹೊಗಳಿದರೂ ಕಡಿಮೆಯೇ’ ಎಂಬ ಕನ್ನಡ ರೂಪಗಳಲ್ಲಿ ಈ ಇಬ್ಬಗೆಯಿಲ್ಲ. ಇಂಗ್ಲಿಷ್ ಮೇಲಿನ ಮಿತಿಯನ್ನು ಅಳಿಸುತ್ತದೆ. ಕನ್ನಡ ಕೆಳಗಿನ ಕೊರತೆಯನ್ನು ಎತ್ತಿ ತೋರಿಸುತ್ತದೆ.

8. ಕಾನೂನಿನ ಎಚ್ಚರ

ಇಂಥ ಪದಗಳ ಬೆಲೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಕಾನೂನಿನಲ್ಲಿ. ಶಾಸನಗಳು ಬೆರಗನ್ನಾಗಲಿ ತಾತ್ಸಾರವನ್ನಾಗಲಿ ಸೂಚಿಸಬೇಕಾಗಿಲ್ಲ. ಆದ್ದರಿಂದ ಅಲ್ಲಿ ಮಿತಿಯನ್ನಷ್ಟೇ ಹೇಳುವ ‘ನಾಟ್ ಲೆಸ್ ದ್ಯಾನ್’ ರೂಢಿಯಲ್ಲಿದೆ. ಆದರೂ ವಿವಾದ ತಪ್ಪಲಿಲ್ಲ. ಎರಡು ಸಭೆಗಳ ನಡುವೆ ಹದಿನಾಲ್ಕು ದಿನಗಳಿಗೆ ಕಡಿಮೆಯಿಲ್ಲದ ಅಂತರವಿರಬೇಕೆಂದರೆ ಸಭೆಯ ದಿನಗಳನ್ನು ಎಣಿಸಬೇಕೆ ಬಿಡಬೇಕೆ ಎಂಬ ಪ್ರಶ್ನೆ ರೈಲ್ವೆ ಸ್ಲೀಪರ್ಸ್ ಸಪ್ಲೈ ಕಂಪನಿಯ ಪ್ರಕರಣದಲ್ಲಿ ಎದ್ದಿತು. ಇಂಗ್ಲೆಂಡಿನ ನ್ಯಾಯಾಲಯ 1885ರಲ್ಲಿ, ಎರಡೂ ದಿನಗಳನ್ನು ಬಿಟ್ಟು ಪೂರ್ಣ ಹದಿನಾಲ್ಕು ದಿನಗಳಿರಬೇಕೆಂದು ಹೇಳಿತು. ಭಾರತದ 2013ರ ಕಂಪನಿ ಅಧಿನಿಯಮದ 101ನೆಯ ಪ್ರಕರಣ ಸಾಮಾನ್ಯ ಸಭೆಗೆ 21 ದಿನಗಳಿಗೆ ಕಡಿಮೆಯಿಲ್ಲದ ಸೂಚನೆಯನ್ನು ವಿಧಿಸುವಾಗ ‘ಕ್ಲಿಯರ್’ ಎಂಬ ಪದವನ್ನೂ ಸೇರಿಸಿ ಆ ಸಂದೇಹಕ್ಕೆ ಎಡೆಯಿಲ್ಲದಂತೆ ಮಾಡಿದೆ. ಹೋಲಿಕೆ ಮತ್ತು ನಿಷೇಧ ಕೂಡಿದ ಒಂದು ಪದಗುಚ್ಛದ ಮೇಲೆ ಸಭೆಯ ನಿರ್ಣಯದ ಸಿಂಧುತ್ವವೇ ನಿಂತಿರುವಾಗ, ಅನುವಾದಕನು ಅದನ್ನು ‘ಸುಮಾರು’ ಎಂದೋ ‘ಅಷ್ಟೇ’ ಎಂದೋ ಸಡಿಲಿಸುವಂತಿಲ್ಲ.

9. ಸಮಾರೋಪ

ಮೇಲಿನ ಪರಿಶೀಲನೆಯಿಂದ ಮೂರು ಸಂಗತಿಗಳು ಹೊರಡುತ್ತವೆ. ಮೊದಲನೆಯದು, ಹೋಲಿಕೆ ಮತ್ತು ನಿಷೇಧ ಇಂಗ್ಲಿಷಿನ ಚರಿತ್ರೆಯಲ್ಲಿ ಒಂದರೊಳಗೊಂದು ಹೆಣೆದುಕೊಂಡಿವೆ. ‘ಕಡಿಮೆ’ ಎಂಬುದು ‘ಇಲ್ಲ’ವಾಗಿ ‘ಲೆಸ್ಟ್’, ‘ಅನ್‌ಲೆಸ್’ ಪದಗಳನ್ನು ಕೊಟ್ಟಿತು, ‘ಇಲ್ಲ’ ಎಂಬುದು ಸೊನ್ನೆಯ ಅಳತೆಯಾಗಿ ‘ನೋ ಮೋರ್ ದ್ಯಾನ್’ ರಚನೆಯನ್ನು ಕೊಟ್ಟಿತು. ಎರಡನೆಯದು, ನಿಷೇಧಗಳನ್ನು ಗುಣಿಸುವ ನಿಯಮ ಭಾಷೆಯ ಸಹಜ ಸ್ವಭಾವವೇನೂ ಅಲ್ಲ. ಅದು ಒಂದು ಕಾಲದ, ಒಂದು ವರ್ಗದ ಬಳಕೆಯಿಂದ ಬೆಳೆದು ತರ್ಕದ ಹೆಸರು ಪಡೆದದ್ದು. ಅದನ್ನು ಅಳತೆಗೋಲಾಗಿಟ್ಟುಕೊಂಡು ಇತರರ ಬುದ್ಧಿಯನ್ನು ಅಳೆದದ್ದು ಅನ್ಯಾಯ. ಮೂರನೆಯದು ಬೋಧನೆಗೆ ಸಂಬಂಧಿಸಿದ್ದು. ಕನ್ನಡದ ವಿದ್ಯಾರ್ಥಿ ಈ ನುಡಿಗಟ್ಟುಗಳಲ್ಲಿ ಎಡವುವುದು ಅವನಿಗೆ ತರ್ಕ ತಿಳಿಯದ್ದರಿಂದಲ್ಲ. ಅವನ ಭಾಷೆ ಅದೇ ಅರ್ಥಗಳನ್ನು ಬೇರೆ ಸಲಕರಣೆಗಳಿಂದ ಕಟ್ಟುವುದರಿಂದ.

ಎಲ್ಲ ಕಡೆಯೂ ಎರಡು ಭಾಷೆಗಳು ದೂರವಿಲ್ಲ ಎಂಬುದನ್ನೂ ಇಲ್ಲಿ ಸೇರಿಸಬೇಕು. ಹೊಳೆಯುವುದೆಲ್ಲ ಚಿನ್ನವಲ್ಲ ಎಂಬ ಇಂಗ್ಲಿಷ್ ಗಾದೆಯಲ್ಲಿ ‘ಎಲ್ಲ’ ಮೊದಲು ಬಂದು ನಿಷೇಧ ಅನಂತರ ಬಂದರೂ ಅರ್ಥ ‘ಎಲ್ಲವೂ ಅಲ್ಲ, ಕೆಲವು ಮಾತ್ರ’ ಎಂದೇ. ‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂಬ ನಮ್ಮ ಗಾದೆಯಲ್ಲಿಯೂ ಅದೇ ಕ್ರಮ, ಅದೇ ಅರ್ಥ. ಹಾಲು ಬೆಳ್ಳಗಿಲ್ಲವೆಂದಾಗಲಿ, ಬೆಳ್ಳಗಿರುವ ಯಾವುದೂ ಹಾಲಲ್ಲವೆಂದಾಗಲಿ ಅದನ್ನು ಕೇಳಿದ ಕನ್ನಡಿಗ ತಿಳಿಯುವುದಿಲ್ಲ. ನಿಷೇಧದ ವ್ಯಾಪ್ತಿಯನ್ನು ಪದಗಳ ಕ್ರಮಕ್ಕೆ ಕಟ್ಟುಬೀಳದೆ ಗ್ರಹಿಸುವ ಶಕ್ತಿ ಅವನಲ್ಲಿ ಆಗಲೇ ಇದೆ. ‘ಹೊರತು’, ‘ಏನೂ’, ‘ಸಾಲದು’, ‘ಎನ್ನುವುದಕ್ಕಿಂತ’ ಎಂಬ ತನ್ನದೇ ಪದಗಳಿಂದ ಹೊರಟರೆ ಇಂಗ್ಲಿಷಿನ ಈ ನುಡಿಗಟ್ಟುಗಳ ಪಟ್ಟಿ ಬಹುಪಾಲು ಕಂಠಪಾಠದ ಹೊರೆಯಾಗಿ ಉಳಿಯುವುದಿಲ್ಲ.